ಯೆಜ್ಡಿ ಎದ್ದ ಭಾನುವಾರ

ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನ. ಜಾವಾ, ಯೆಜ್ಡಿ ಬೈಕ್ ಇಟ್ಟುಕೊಂಡವರೆಲ್ಲ ಗಾಡಿ ತೊಳೆದು, ಫಳಫಳ ಹೊಳೆಸಿಕೊಂಡು ಒಂದು ಕಡೆ ಸೇರುತ್ತಾರೆ. "ಈ ಸಲ ನೀವೂ ಬರ್ಲೇಬೇಕು ಸಾರ್" ಎಂದ ಮೆಕ್ಯಾನಿಕ್. ನನ್ನ ಗಾಡಿ ಮೇಲೆ ನನಗಿಂತ ಅವನಿಗೇ ಹಕ್ಕು ಜಾಸ್ತಿ. ವರ್ಷದಲ್ಲಿ ಹೆಚ್ಚು ದಿನ ಅದು ಅವನ ಹತ್ತಿರವೇ ಇರುತ್ತದೆ.

ಅದು ಅಪ್ಪ ಬಿಟ್ಟುಹೋದ 1984ರ ಯೆಜ್ಡಿ ರೋಡ್‌ಕಿಂಗ್. ಹುಟ್ಟಿದ್ದು ಇಲ್ಲೇ, ನಮ್ಮ ಮೈಸೂರಿನ ಯಾದವಗಿರಿ ಫ್ಯಾಕ್ಟರಿಯಲ್ಲಿ. ಫ್ಯಾಕ್ಟರಿ 1996ರಲ್ಲೇ ಬಾಗಿಲು ಹಾಕಿತು. ಗಾಡಿಗೆ ಆ ಸುದ್ದಿ ಆಗಾಗ ನೆನಪಾಗುತ್ತದೆ, ಹೆಚ್ಚಾಗಿ ಸಿಗ್ನಲ್ಲಿನಲ್ಲಿ.

ಹೋಗಲು ಆಸೆಯಿಲ್ಲ ಅಂತಲ್ಲ. ಹೆದರಿಕೆ ಕಿಕ್ಕರ್‌ದು. ಯೆಜ್ಡಿಯಲ್ಲಿ ಕಿಕ್ಕರಿಗೂ ಗೇರಿಗೂ ಒಂದೇ ಲಿವರ್, ಎಡಗಡೆ. ಒಳಕ್ಕೆ ಒತ್ತಿ ಮೇಲೆತ್ತಿದರೆ ಕಿಕ್ಕರ್, ಮುಂದಕ್ಕೆ ಬಗ್ಗಿಸಿದರೆ ಗೇರ್. ಹೋದ ವರ್ಷ ಮಾರ್ಕೆಟ್ ಮುಂದೆ ಒದ್ದೆ, ಒದ್ದೆ, ಒದ್ದೇ ಒದ್ದೆ. ಹದಿನಾಲ್ಕನೇ ಒದೆಗೆ ಚಪ್ಪಲಿ ಹಾರಿ ಸೌತೆಕಾಯಿ ಬುಟ್ಟಿಗೆ ಬಿತ್ತು. ಮಾರುತ್ತಿದ್ದ ಅಜ್ಜಿ ಅದನ್ನು ಎರಡು ಬೆರಳಲ್ಲಿ ಎತ್ತಿಕೊಟ್ಟು, "ಸುಮ್ನೆ ಯಾಕಪ್ಪ ಒದೀತೀಯ, ಅದಕ್ಕೂ ವಯಸ್ಸಾಗಿಲ್ವಾ?" ಎಂದರು.

ಅಲ್ಲಿ ಎಲ್ಲರ ಗಾಡಿಯೂ ಒಟ್ಟಿಗೆ ಗುಡುಗುವಾಗ ನಾನೊಬ್ಬ ಕುಣಿಯುತ್ತಿದ್ದರೆ? ಸಾಲದ್ದಕ್ಕೆ ಅಲ್ಲಿಗೆ ಬರುವವರು ಗಾಡಿಯ ಜಾತಕವನ್ನೇ ಬಲ್ಲವರು. ನನಗೆ ಗೊತ್ತಿರುವುದು ಲೀಟರ್ ಪೆಟ್ರೋಲಿಗೆ 40 ಎಂ.ಎಲ್. ಟೂಟಿ (ಟೂ-ಸ್ಟ್ರೋಕ್ ಎಂಜಿನ್) ಆಯಿಲ್ ಬೆರೆಸಬೇಕು ಅನ್ನೋದಷ್ಟೇ. ಅದನ್ನೂ ಒಮ್ಮೆ ಮರೆತಿದ್ದೆ. ಪಿಸ್ಟನ್ ಮರೆಯಲಿಲ್ಲ.

ಲೆದರ್ ಜಾಕೆಟ್ ಬೇರೆ ಇಲ್ಲ. ರೇನ್‌ಕೋಟ್ ಹಾಕಿ ಕನ್ನಡಿ ಮುಂದೆ ನಿಂತೆ. ಮಗಳು, "ಅಪ್ಪಾ, ಹಾಲು ಹಾಕೋಕೆ ಹೊರಟ ಹಾಗಿದೆ" ಎಂದಳು. ಶನಿವಾರ ರಾತ್ರಿ ತೀರ್ಮಾನವಾಯಿತು, ಹೋಗುವುದಿಲ್ಲ.

"ಸರಿ, ಹಾಗಾದ್ರೆ ನಾಳೆ ರಾಗಿ ಬೀಸಿಸ್ಕೊಂಡು ಬನ್ನಿ" ಎಂದಳು ಹೆಂಡತಿ.

ಬೆಳಿಗ್ಗೆ ಆರೂವರೆ. ಪಂಚೆ ಉಟ್ಟವನು ಹಲ್ಲುಜ್ಜುತ್ತಾ ಗಾಡಿ ಪಕ್ಕ ಹೋದೆ. ಬ್ರಷ್ ಬಾಯಲ್ಲೇ ಇತ್ತು. ಸುಮ್ನೆ, ಬರಿಗಾಲಲ್ಲಿ, ಒಂದೇ ಒಂದು ಸಲ ಒದ್ದೆ.

ಡುಗ್ ಡುಗ್ ಡುಗ್!

ಎರಡೂ ಸೈಲೆನ್ಸರಿನಿಂದ ಹೊಗೆ ಎದ್ದು ಮೇಲಿನ ಮನೆಯವರು ಒಣಹಾಕಿದ್ದ ಬಿಳಿ ಶರ್ಟುಗಳ ಕಡೆ ಹೊರಟಿತು. ಒಂದೊಂದೇ ಕಿಟಕಿ ಮುಚ್ಚಿಕೊಂಡವು.

"ರೀ, ಆಫ್ ಮಾಡ್ರೀ!"

ಹೇಗೆ ಮಾಡಲಿ? ಮತ್ತೆ ಸ್ಟಾರ್ಟ್ ಆಗದಿದ್ದರೆ? ಹತ್ತು ವರ್ಷದಲ್ಲಿ ಒಂದೇ ಒದೆಗೆ ಎದ್ದದ್ದು ಇದೇ ಮೊದಲು. ಮಗಳು ಎಕ್ಸಲರೇಟರ್ ಹಿಡಿದು ನಿಂತಳು. ನಾನು ಒಳಗೆ ಓಡಿ ಪ್ಯಾಂಟ್ ಏರಿಸಿಕೊಂಡು ಬರುವಷ್ಟರಲ್ಲಿ ಹೆಂಡತಿ ಹೆಲ್ಮೆಟ್ ಹಿಡಿದು ಬಾಗಿಲಲ್ಲಿದ್ದಳು. ಟ್ಯಾಂಕಿನ ಮೇಲೆ ಆಗಲೇ ಐದು ಕೆಜಿ ರಾಗಿ ಚೀಲ ಕೂತಿತ್ತು.

"ಹೇಗೂ ಹೊರಟ್ರಲ್ಲ."

ಮಿಲ್ ತೆರೆಯುವುದು ಹತ್ತು ಗಂಟೆಗೆ. ಅಲ್ಲಿಯವರೆಗೆ ಗಾಡಿ ಆಫ್ ಮಾಡುವ ಹಾಗಿಲ್ಲ. ಎಲ್ಲಿಗಾದರೂ ಹೋಗಲೇಬೇಕಲ್ವಾ?