ಹೂವಿಲ್ಲದ ಹೂವಿನ ಜೆಲ್ಲಿ

ನಿನ್ನೆ ಮುಂಬೈಯ ಮಾಟುಂಗಾದ ಒಂದು ಸಭಾಗೃಹದಲ್ಲಿ ನಮ್ಮ ಬಳಗದ ಹುಡುಗಿಯೊಬ್ಬಳ ನಿಶ್ಚಿತಾರ್ಥವಿತ್ತು. ಊಟ ಚೆನ್ನಾಗಿತ್ತು, ಗೋಳಿಬಜೆ ಬಿಸಿಯಾಗಿತ್ತು, ಸಾರಿನ ಹುಳಿ ಹದವಾಗಿತ್ತು. ಇಷ್ಟನ್ನು ಮೊದಲೇ ಹೇಳಿ ಮುಗಿಸುತ್ತೇನೆ, ಏಕೆಂದರೆ ಮುಂದಿನದೆಲ್ಲ ಬೈಗುಳವೇ.

ಸಿಹಿಯ ಮೇಜಿನ ಮೇಲೆ ಪುಟ್ಟ ಗಾಜಿನ ಬಟ್ಟಲುಗಳು ಸಾಲಾಗಿ ನಿಂತಿದ್ದವು. ‘ಮಲ್ಲಿಗೆ-ಗುಲಾಬಿ ಜೆಲ್ಲಿ’ ಎಂದು ಚೀಟಿ. ನನ್ನ ಬಾಲ್ಕನಿಯ ಮಲ್ಲಿಗೆ ಕುಂಡಗಳ ಪುರಾಣವನ್ನು ವರ್ಷಗಳಿಂದ ಸಹಿಸಿಕೊಂಡು ಬಂದಿರುವ ನಿಮಗೆ ನಾನು ಆ ಮೇಜಿನ ಕಡೆಗೆ ಎಷ್ಟು ವೇಗವಾಗಿ ನಡೆದಿರಬಹುದು ಎಂಬುದನ್ನು ವಿವರಿಸಬೇಕಾಗಿಲ್ಲ. ಚಮಚ ಹಾಕಿದೆ, ಚಮಚವನ್ನೇ ಹಿಂದಕ್ಕೆ ತಳ್ಳುವಷ್ಟು ಗಟ್ಟಿಯಾಗಿತ್ತು. ಬಾಯಿಗಿಟ್ಟರೆ ಸಕ್ಕರೆ, ಗುಲಾಬಿ ಬಣ್ಣ, ಮತ್ತು ಅಗ್ಗದ ಊದಿನಕಡ್ಡಿಯ ಪೊಟ್ಟಣವನ್ನು ಬಿಚ್ಚಿದಾಗ ಮೂಗಿಗೆ ಹೊಡೆಯುವಂಥ ಒಂದು ಎಸೆನ್ಸ್. ಮಲ್ಲಿಗೆ ಎಲ್ಲಿತ್ತೋ ಆ ದೇವರೇ ಬಲ್ಲ.

ಅಷ್ಟಕ್ಕೇ ಮುಗಿದಿದ್ದರೆ ನಾನು ಸುಮ್ಮನಿರುತ್ತಿದ್ದೆ. ಪ್ರತಿ ಬಟ್ಟಲಿನ ನೆತ್ತಿಯ ಮೇಲೆ ಒಂದೊಂದು ಬಿಳಿ ಹೂವನ್ನು ನಿಲ್ಲಿಸಿದ್ದರು: ನಡುವೆ ಹಳದಿ, ಐದು ದಪ್ಪ ಎಸಳು, ಈ ಊರಿನ ಪ್ರತಿ ಎರಡನೆಯ ಕಟ್ಟಡದ ಅಂಗಳದಲ್ಲಿ ಉದುರಿ ಬೀಳುವ ಚಾಫಾ, ನಮ್ಮ ದೇವಕಣಗಿಲೆ. ತೊಟ್ಟು ಮುರಿದಲ್ಲಿ ಹಾಲು ಒಸರಿ ಜೆಲ್ಲಿಯ ಮೇಲೆ ಬೆಳ್ಳಗಿನ ಚುಕ್ಕೆಯಾಗಿ ನಿಂತಿತ್ತು. ಆ ಹಾಲು ಚರ್ಮಕ್ಕೆ ತಾಗಿದರೂ ತುರಿಸುತ್ತದೆ, ಬಾಯಿಗೆ ಹೋದರೆ ಉರಿಯುತ್ತದೆ. ವಿಷದ ಕಣಗಿಲೆಯೂ ಇದೂ ಒಂದೇ ಸಸ್ಯಕುಟುಂಬದವು. ಹೆಸರಿನಲ್ಲೇ ಎಚ್ಚರಿಕೆಯನ್ನು ಇಟ್ಟುಕೊಂಡ ಹೂವಿದು. ನನ್ನ ಪಕ್ಕದಲ್ಲಿ ಐದಾರು ವರ್ಷದ ಹುಡುಗನೊಬ್ಬ ಮೊದಲು ಅದನ್ನೇ ಎತ್ತಿ ಬಾಯಿಗೆ ಇಡಲು ಹೋದ. ನಾನು ಕಿತ್ತುಕೊಂಡೆ. ಅವನು ಅತ್ತ. ಅವನ ತಾಯಿ ನನ್ನನ್ನು ನೋಡಿದ ನೋಟ ಇನ್ನೂ ಬೆನ್ನಿಗೆ ಅಂಟಿಕೊಂಡಿದೆ. ಬಡಿಸುವ ಹುಡುಗನನ್ನು ಕೇಳಿದರೆ, “ಡೆಕೋರೇಷನ್ ಕೇ ಲಿಯೇ ಹೈ ಮೇಡಮ್, ಖಾನೇ ಕಾ ನಹೀಂ” ಎಂದು ಸಮಾಧಾನವಾಗಿ ಹೇಳಿದ.

ತಿನ್ನುವುದಕ್ಕಲ್ಲದ್ದನ್ನು ತಿನ್ನುವ ಬಟ್ಟಲಿನಲ್ಲಿ ಇಡುವುದೇಕೆ? ಹೂವಿನ ಹೆಸರು ಹೇಳಿ ಬಡಿಸುವವರು ಹೂವನ್ನು ಒಳಗೆ ಇಡಬೇಕೇ ಹೊರತು ಬೇರೆ ಯಾವುದೋ ಹೂವನ್ನು ತಲೆಯ ಮೇಲೆ ಮುಡಿಸಿ ಕಳಿಸುವುದಲ್ಲ. ನನ್ನ ತಕರಾರು ಇಷ್ಟೇ, ರಾತ್ರಿಯಿಡೀ ಇದನ್ನೇ ಹೇಳಿ ಮನೆಯವರ ನಿದ್ದೆಯನ್ನೂ ಕೆಡಿಸಿದ್ದೇನೆ.

ಗಟ್ಟಿಯ ವಿಷಯಕ್ಕೆ ಬರುತ್ತೇನೆ. ಜೆಲ್ಲಿಯನ್ನು ಹೆಪ್ಪುಗಟ್ಟಿಸುವ ಜೆಲಾಟಿನ್‌ನ ಸೊಗಸೆಲ್ಲ ಇರುವುದು ಅದು ನಮ್ಮ ಮೈಯ ಶಾಖಕ್ಕಿಂತ ಸ್ವಲ್ಪ ಕೆಳಗೇ ಕರಗುತ್ತದೆ ಎಂಬುದರಲ್ಲಿ. ನಾಲಿಗೆಯ ಮೇಲಿಟ್ಟ ಕೂಡಲೇ ಅದು ನೀರಾಗುತ್ತದೆ, ಆಗ ಒಳಗಿನ ಪರಿಮಳ ಒಮ್ಮೆಗೇ ಬಿಡುಗಡೆಯಾಗಿ ಮೂಗಿಗೆ ಏರುತ್ತದೆ. ಆದರೆ ಮುಂಬೈಯ ಮೇ ತಿಂಗಳಿನಲ್ಲಿ ಸಭಾಗೃಹದ ಮೇಜಿನ ಮೇಲೆ ಆ ಕರಗುವ ಕೆಲಸ ನಾಲಿಗೆಗಿಂತ ಮೊದಲೇ ನಡೆದುಹೋಗುತ್ತದೆ. ಅದಕ್ಕೆ ಹೆದರಿ ಅಡುಗೆಯವರು ಎರಡು ಪಟ್ಟು ಜೆಲಾಟಿನ್ ಸುರಿಯುತ್ತಾರೆ, ಇಲ್ಲವೇ ಚೈನಾ ಗ್ರಾಸ್‌ನ ಮೊರೆ ಹೋಗುತ್ತಾರೆ. ಚೈನಾ ಗ್ರಾಸ್, ಅಂದರೆ ಕಡಲಪಾಚಿಯಿಂದ ತೆಗೆದ ಅಗರ್, ಒಮ್ಮೆ ಹೆಪ್ಪುಗಟ್ಟಿದರೆ ಸುಮಾರು 85 ಡಿಗ್ರಿಯವರೆಗೂ ಜಗ್ಗುವುದಿಲ್ಲ. 1881ರಲ್ಲಿ ಜರ್ಮನಿಯ ಬ್ಯಾಕ್ಟೀರಿಯಾ ವಿಜ್ಞಾನಿ ರಾಬರ್ಟ್ ಕೋಖ್ ಅವರ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ ವಾಲ್ಟರ್ ಹೆಸ್ಸೆ, ಬ್ಯಾಕ್ಟೀರಿಯಾ ಬೆಳೆಸಲು ಇಟ್ಟ ಜೆಲಾಟಿನ್ ಬೇಸಿಗೆಯ ಸೆಕೆಗೆ ಕರಗಿ ಹೋಗುತ್ತಿದೆಯೆಂದು ತಲೆ ಕೆಡಿಸಿಕೊಂಡಿದ್ದಾಗ, ತನ್ನ ಜೆಲ್ಲಿಗಳಿಗೆ ತಾನು ಅಗರ್ ಬಳಸುತ್ತೇನೆಂದು ದಾರಿ ತೋರಿದವಳು ಅವನ ಹೆಂಡತಿ ಫ್ಯಾನಿ. ಮರುವರ್ಷ ಕೋಖ್ ಕ್ಷಯರೋಗದ ಬಗ್ಗೆ ಬರೆದ ಪ್ರಬಂಧದಲ್ಲಿ ಅಗರ್‌ನ ಹೆಸರಿದೆ, ಫ್ಯಾನಿಯ ಹೆಸರಿಲ್ಲ. ಅಡುಗೆಮನೆಯ ಉಪಕಾರವನ್ನು ನೆನೆಯುವ ಅಭ್ಯಾಸ ಆ ಕಾಲದಲ್ಲೂ ಇರಲಿಲ್ಲವೆಂದು ಕಾಣುತ್ತದೆ.

ಅಗರ್ ಬಗ್ಗೆ ನನಗೆ ದ್ವೇಷವಿಲ್ಲ. ಬಂಗುಡೆ ತಿನ್ನುವ ನಾನು ಪ್ರಾಣಿಯ ಮೂಳೆ-ಚರ್ಮದಿಂದ ಬಂದ ಜೆಲಾಟಿನ್ ಎಂದು ಮೂಗು ಮುರಿಯುವಂತಿಲ್ಲ, ಆದರೆ ನಮ್ಮ ಅತ್ತೆಯವರ ಸೋಮವಾರದ ಒಪ್ಪತ್ತಿಗೆ ಅಗರ್‌ನಲ್ಲೇ ಮಾಡಿಕೊಡುತ್ತೇನೆ. ಅದರಲ್ಲಿರುವ ಕಷ್ಟವೆಂದರೆ ಅದನ್ನು ಕುದಿಸಲೇಬೇಕು, ಬಾಯಲ್ಲಿ ಅದು ಕರಗದೆ ತುಂಡು ತುಂಡಾಗಿ ಮುರಿಯುತ್ತದೆ, ಮಲ್ಲಿಗೆಯಂಥ ನಾಜೂಕಿನ ವಾಸನೆಯನ್ನು ಸುಲಭವಾಗಿ ಬಿಟ್ಟುಕೊಡುವುದೂ ಇಲ್ಲ.

ಮಲ್ಲಿಗೆಗೆ ಬೇಕಾದದ್ದು ತಾಳ್ಮೆ. ಸಂಜೆ ಆರರ ಹೊತ್ತಿಗೆ, ಇನ್ನೇನು ಅರಳಬೇಕು ಎಂಬಂತಿರುವ ಅರವತ್ತು-ಎಪ್ಪತ್ತು ಮೊಗ್ಗುಗಳನ್ನು ಕೊಯ್ದು, ಕಹಿಯಾದ ಹಸಿರು ತೊಟ್ಟನ್ನು ಬಿಡಿಸಿ, ಕುದಿಸಿ ಆರಿಸಿದ ಅರ್ಧ ಲೀಟರ್ ನೀರಿನ ಮೇಲೆ ತೇಲಿಬಿಟ್ಟು ಮುಚ್ಚಿಡುತ್ತೇನೆ. ರಾತ್ರಿ ಅವು ನೀರಿನ ಮೇಲೆಯೇ ಅರಳುತ್ತವೆ. ಹನ್ನೊಂದು ಗಂಟೆಗೆ ಮುಚ್ಚಳ ಸರಿಸಿ ನೋಡುವುದು ನನ್ನ ದೌರ್ಬಲ್ಯ. ಬೆಳಗ್ಗೆ ಬೇಗ ಸೋಸಿಬಿಡಬೇಕು, ತಡವಾದರೆ ಎಸಳು ಕಂದಿ ನೀರಿಗೆ ಬಾಡಿದ ವಾಸನೆ ಬರುತ್ತದೆ. ಸೋಸಿದ ನೀರಿನ ನಾಲ್ಕು ಚಮಚಕ್ಕೆ 6 ಗ್ರಾಂ ಜೆಲಾಟಿನ್ ಉದುರಿಸಿ ಹತ್ತು ನಿಮಿಷ ನೆನೆಯಲು ಬಿಟ್ಟು, ಬೇರೆ ಪಾತ್ರೆಯಲ್ಲಿ ಅರ್ಧ ಲೋಟ ಸಾದಾ ನೀರಿಗೆ ಸಕ್ಕರೆ ಹಾಕಿ ಬಿಸಿ ಮಾಡಿ, ಒಲೆಯಿಂದ ಇಳಿಸಿದ ಮೇಲೆ ಆ ನೆಂದ ಜೆಲಾಟಿನ್ ಅನ್ನು ಅದರಲ್ಲಿ ಕರಗಿಸುತ್ತೇನೆ. ಅದು ಉಗುರುಬೆಚ್ಚಗಾದ ಬಳಿಕವೇ ಉಳಿದ ಮಲ್ಲಿಗೆ ನೀರನ್ನು ಸೇರಿಸುವುದು. ಆ ನೀರು ಒಲೆಯ ಮುಖವನ್ನೇ ನೋಡಬಾರದು. ಎರಡು ಹನಿ ನಿಂಬೆರಸ, ಚಿಟಿಕೆ ಉಪ್ಪು. ಫ್ರಿಜ್ಜಿನಲ್ಲಿ ಅರೆಬರೆ ಹೆಪ್ಪುಗಟ್ಟಿದಾಗ ನಾಲ್ಕು ಹೊಸ ಎಸಳು ಹಾಕಿದರೆ ಅವು ನಡುವೆ ನಿಲ್ಲುತ್ತವೆ, ಮೊದಲೇ ಹಾಕಿದರೆ ಮೇಲೆ ತೇಲಿ ಗುಂಪುಗೂಡುತ್ತವೆ. ಬಟ್ಟಲನ್ನು ಮೇಜಿನ ಮೇಲಿಟ್ಟಾಗ ಜೆಲ್ಲಿ ತುಸು ನಡುಗಬೇಕು, ಫ್ರಿಜ್ಜಿನಿಂದ ತೆಗೆದ ಹತ್ತು ನಿಮಿಷದೊಳಗೆ ತಿಂದು ಮುಗಿಸಬೇಕು.

ಗುಲಾಬಿಯಾದರೆ ಪನ್ನೀರ್ ಗುಲಾಬಿಯೇ ಆಗಬೇಕು, ಎಸಳಿನ ಬುಡದ ಬಿಳಿ ಭಾಗವನ್ನು ಕತ್ತರಿಸಿ ಎಸೆಯಬೇಕು, ಅದು ಕಹಿ. ಈಗ ಎಲ್ಲರ ಮೆಚ್ಚಿನ ಶಂಖಪುಷ್ಪಕ್ಕೆ ನೀಲಿ ಬಣ್ಣವಿದೆ, ನಿಂಬೆರಸ ಬಿದ್ದರೆ ನೇರಳೆಯಾಗುವ ಚಮತ್ಕಾರವಿದೆ, ರುಚಿ ಮಾತ್ರ ಇಲ್ಲವೆನ್ನುವಷ್ಟು ಕಡಿಮೆ. ಅದನ್ನು ಬಣ್ಣಕ್ಕೆ ಬಳಸಿ, ಬೇಡವೆನ್ನುವುದಿಲ್ಲ. ‘ಶಂಖಪುಷ್ಪದ ಸ್ವಾದ’ ಎಂದು ಚೀಟಿ ಅಂಟಿಸಬೇಡಿ.

ಮುನ್ನೂರು ಜನರಿಗೆ ಹೀಗೆ ರಾತ್ರಿಯಿಡೀ ಮೊಗ್ಗು ನೆನೆಹಾಕಲು ಯಾರಿಗೆ ಸಾಧ್ಯ ಎಂದು ನಮ್ಮ ಯಜಮಾನರು ಕೇಳಿದರು. ನ್ಯಾಯವಾದ ಪ್ರಶ್ನೆ. ಸಾಧ್ಯವಿಲ್ಲದಿದ್ದರೆ ಮಾಡಬಾರದು ಎಂಬುದೇ ಅದಕ್ಕೆ ಉತ್ತರ. ಶ್ಯಾವಿಗೆ ಪಾಯಸ ಮಾಡಿ, ಯಾರೂ ಕೋರ್ಟಿಗೆ ಹೋಗುವುದಿಲ್ಲ. ಫೋಟೋಗೆ ಚಂದ ಕಾಣುತ್ತದೆ ಎಂಬ ಇನ್ನೊಂದು ವಾದವೂ ಬಂತು. ಫೋಟೋದಲ್ಲಿ ನಾನೂ ಚಂದ ಕಾಣುತ್ತೇನೆ. ಆ ಮಾತಿಗೆ ಅದಕ್ಕಿಂತ ಹೆಚ್ಚಿನ ಬೆಲೆಯಿಲ್ಲ.

ಇನ್ನು ದಾದರ್ ಮಾರುಕಟ್ಟೆಯಲ್ಲಿ ಬೇಕಾದಷ್ಟು ಹೂವು ಸಿಗುತ್ತದಲ್ಲ ಎನ್ನುವವರಿಗೆ ಒಂದು ಮಾತು. ಅಲ್ಲಿನ ಹೂವು ದೇವರಿಗೆ, ಮುಡಿಗೆ, ಮಂಟಪಕ್ಕೆ. ಊರಿನ ಶಂಕರಪುರದ ಮಲ್ಲಿಗೆಯ ಚೆಂಡು ಕೈಗೆ ಬಂದರೆ ನನಗೂ ಕಣ್ಣು ತುಂಬುತ್ತದೆ, ಆದರೆ ಅದನ್ನು ಜೆಲ್ಲಿಗೆ ಹಾಕುವುದಿಲ್ಲ. ಮಾರಾಟಕ್ಕೆ ಬೆಳೆಯುವ ಹೂವಿಗೆ ಮೊಗ್ಗು ಕೊರೆಯುವ ಹುಳಕ್ಕಾಗಿ ಔಷಧಿ ಹೊಡೆಯುತ್ತಾರೆ, ನೀರಿನಲ್ಲಿ ನೆನೆಹಾಕಿದರೆ ಪರಿಮಳದ ಜೊತೆ ಅದೂ ಇಳಿಯುತ್ತದೆ.

ಇಲ್ಲಿ ತಪ್ಪೊಪ್ಪಿಗೆಯೊಂದಿದೆ. ಮದುವೆಯಾಗಿ ಮುಲುಂಡ್‌ಗೆ ಬಂದ ಹೊಸತರಲ್ಲಿ ಅತ್ತೆಯವರನ್ನು ಮೆಚ್ಚಿಸಲು ನಾನು ಮಾಡಿದ ಮೊದಲ ಗುಲಾಬಿ ಜೆಲ್ಲಿಗೆ ಬಳಸಿದ್ದು ದೇವರ ಹಾರದಿಂದ ಬಿಡಿಸಿದ ಎಸಳುಗಳನ್ನು. ಅವುಗಳನ್ನು ಹತ್ತು ನಿಮಿಷ ಕುದಿಸಿದ್ದೆ. ಕಷಾಯದಂತಾದ ಆ ನೀರನ್ನು ಚೆಲ್ಲಿ, ಸಾದಾ ನೀರಿಗೆ ಮೂರು ಹನಿ ಎಸೆನ್ಸ್ ಬಿಟ್ಟು, ಮೇಲೊಂದು ಎಸಳು ಇಟ್ಟು ಬಡಿಸಿದೆ. ಅತ್ತೆ ಒಂದು ಚಮಚ ತಿಂದು, “ಗುಲಾಬಿ ಎಲ್ಲಿ ಉಂಟು ಮಗಾ?” ಎಂದು ಕೇಳಿದ್ದರು. ನಿನ್ನೆಯ ಬಟ್ಟಲನ್ನು ಕಂಡು ನನಗೆ ಅಷ್ಟೊಂದು ಸಿಟ್ಟು ಬಂದದ್ದರಲ್ಲಿ ಆ ಪ್ರಶ್ನೆಯ ಪಾಲೂ ಇರಬಹುದು.

ಇಂದು ಬೆಳಗ್ಗೆ ಹುಡುಗಿಯ ತಾಯಿ ಫೋನ್ ಮಾಡಿದ್ದರು. ಅವರು ಫೇಸ್‌ಬುಕ್‌ನಲ್ಲಿ ಇಲ್ಲ ಎಂಬ ಧೈರ್ಯದಿಂದಲೇ ಇಷ್ಟೆಲ್ಲ ಬರೆಯುತ್ತಿದ್ದೇನೆ. ಊಟ ಹೇಗಿತ್ತು ಎಂದರು, ಚೆನ್ನಾಗಿತ್ತು ಎಂದೆ. ಜೆಲ್ಲಿ ಎಂದರು. ನಾನು ಒಂದು ಕ್ಷಣ ತಡೆದು, ಅದೂ ಚೆನ್ನಾಗಿತ್ತು ಎಂದೆ. ಅವರಿಗೆ ಬಹಳ ಸಂತೋಷವಾಯಿತು. “ಹೌದಲ್ಲವಾ ಅಕ್ಕಾ? ಡಿಸೆಂಬರಿನ ಮದುವೆಗೂ ಅವರಿಗೇ ಹೇಳಿದ್ದೇವೆ. ಜೆಲ್ಲಿ ಮಾತ್ರ ಆವತ್ತು ನೀಲಿ ಬಣ್ಣದ್ದು.”