ನರಸಮ್ಮಜ್ಜಿ ಬಗ್ಗೆ ಇನ್ನೊಂದೆರಡು ಮಾತು

ಸೂಲಗಿತ್ತಿ ನರಸಮ್ಮನವರ ಮೇಲಿನ ಲೇಖನ ಓದಿದೆ. 2018ರ ಪದ್ಮಶ್ರೀ, ತುಮಕೂರು ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್ ಎಲ್ಲಾ ಅದರಲ್ಲಿ ಬಂದಿದೆ. ಆದರೆ ಅವರೂ 12 ಮಕ್ಕಳನ್ನು ಹೆತ್ತ ತಾಯಿ ಅನ್ನೋದು ಒಂದೇ ಸಾಲಿನಲ್ಲಿ ಮುಗಿದುಹೋಗಿದೆ. ನನಗೆ ಮನಸ್ಸು ನಿಂತಿದ್ದೇ ಅಲ್ಲಿ. ನಾಲ್ಕು ಮಕ್ಕಳು ಚಿಕ್ಕವರಿದ್ದಾಗಲೇ ಹೋದವು. 12ನೇ ವಯಸ್ಸಿಗೇ ಮದುವೆ, ಹೊಟ್ಟೆಪಾಡಿಗೆ ಕೂಲಿ. ಇಷ್ಟರ ನಡುವೆ ಊರಲ್ಲಿ ಯಾರಿಗಾದರೂ ನೋವು ಶುರುವಾದರೆ ಎದ್ದು ಹೊರಡಬೇಕು. ಹೆರಿಗೆ ಹೊತ್ತುಗೊತ್ತು ನೋಡಿ ಬರಲ್ಲ, ಅಲ್ವಾ? ಆಗ ಇವರ ಮಕ್ಕಳಿಗೆ ಮುದ್ದೆ ಮಾಡಿ ಹಾಕಿದ್ದು ಯಾರೋ!

ಪಾವಗಡ ಅಂದರೆ ಆಂಧ್ರದೊಳಗೆ ಚಾಚಿಕೊಂಡಿರುವ ಬರದ ಸೀಮೆ. ಅಲ್ಲಿನ ಕೃಷ್ಣಾಪುರದಲ್ಲಿ ನರಸಮ್ಮ ತಮ್ಮ ಅಜ್ಜಿಯಿಂದ ಕಲಿತ ಕೆಲಸ ಇದು. ಹೊಟ್ಟೆಯ ಮೇಲೆ ಕೈಯಾಡಿಸಿದರೆ ಸಾಕು, ಮಗುವಿನ ತಲೆ ಎಲ್ಲಿದೆ ಅಂತ ಹೇಳುತ್ತಿದ್ದರಂತೆ. ಹೀಗೆ ದುಡ್ಡು ಕೇಳದೆ ಮಾಡಿಸಿದ ಹೆರಿಗೆಗಳು 15,000ಕ್ಕೂ ಜಾಸ್ತಿ. 2018ರ ಡಿಸೆಂಬರ್‌ನಲ್ಲಿ ತೀರಿಕೊಂಡಾಗ ಅವರಿಗೆ 98.

ಇವರ ಕಥೆ ಹೇಳುವಾಗ 'ಆ ಕಾಲವೇ ಚೆನ್ನಾಗಿತ್ತು' ಅನ್ನೋರಿದ್ದಾರೆ. ನಾನಂತೂ ಒಪ್ಪಲ್ಲ. ರಕ್ತ ನಿಲ್ಲದೆ ಹೋದರೆ ಎಂಥ ಕೈಗುಣವೂ ಸಾಲದು, ಆಸ್ಪತ್ರೆ ಬೇಕೇ ಬೇಕು. ಗದರದೆ, ಸೊಂಟ ನೀವಿ, 'ಇನ್ನೇನು ಆಯ್ತು ಕಣವ್ವ' ಅನ್ನುವವರು ಅಲ್ಲಿ ಒಬ್ಬರಿರಲಿ, ಅಷ್ಟೇ. ಈಗ ಹಳ್ಳಿಗಳಲ್ಲಿ ಬಸುರಿಯರ ಜೊತೆ ಓಡಾಡೋದು ಆಶಾ ಕಾರ್ಯಕರ್ತೆಯರು. ಅವರು ಸಂಬಳ ಕೇಳಿದಾಗ ಮಾತ್ರ ದಯವಿಟ್ಟು ನರಸಮ್ಮಜ್ಜಿ ಪುಕ್ಕಟೆ ಮಾಡುತ್ತಿದ್ದರು ಅಂತ ಉದಾಹರಣೆ ಕೊಡಬೇಡಿ.