ಹಿಂದೂ, ಇಸ್ಲಾಂ: ಒಳಗಿನ ತಿರುಳು ಒಂದೇನಾ?

ಪರ

ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲದಲ್ಲಿ ಅಮ್ಮಾಜಾನ್ ಬಾವಾಜಾನ್ ದರ್ಗಾ ಇದೆ. ಅದೇ ಊರಲ್ಲಿ ಮುಕ್ತೀಶ್ವರನ ಗುಡಿಯೂ ಇದೆ. ದರ್ಗಾಕ್ಕೆ ಹರಕೆ ಹೊತ್ತು ಬರುವವರಲ್ಲಿ ಹಿಂದೂಗಳೇನೂ ಕಡಿಮೆ ಇಲ್ಲ. ಕಷ್ಟ ಬಂದವರು ಎಲ್ಲಿಗಾದರೂ ಹೋಗುತ್ತಾರೆ ಬಿಡಿ, ಎನ್ನಬಹುದು. ಆದರೆ ಗ್ರಂಥಗಳಲ್ಲೂ ಹೋಲಿಕೆ ಸಿಗುತ್ತದಲ್ವಾ?

ದಾನದ ಮಾತೇ ನೋಡಿ. ತಿರುಗಿ ಏನೂ ಮಾಡಲಾಗದವನಿಗೆ, ಕೊಡಬೇಕು ಎಂಬ ಒಂದೇ ಕಾರಣಕ್ಕೆ ಕೊಟ್ಟದ್ದು ಸಾತ್ವಿಕ ದಾನ ಎನ್ನುತ್ತದೆ ಗೀತೆಯ 17ನೇ ಅಧ್ಯಾಯ. ಕುರಾನಿನ 76ನೇ ಅಧ್ಯಾಯದಲ್ಲಿ ಬಡವರಿಗೆ, ಅನಾಥರಿಗೆ, ಸೆರೆಯಾಳುಗಳಿಗೆ ಊಟ ಹಾಕುವವರು ಬರುತ್ತಾರೆ. ನಮಗೆ ಪ್ರತಿಫಲವೂ ಬೇಡ, ನಿಮ್ಮ ಕೃತಜ್ಞತೆಯೂ ಬೇಡ ಎನ್ನುತ್ತಾರೆ. ಎರಡೂ ಕಡೆ ಏಟು ಬಿದ್ದಿರುವುದು ಕೊಟ್ಟವನ ದೊಡ್ಡಸ್ತಿಕೆಗೆ. (ದಾನಿಗಳ ಹೆಸರನ್ನು ಗೋಡೆ ತುಂಬ ಕೆತ್ತಿಸುವ ನಮಗೆ ಎರಡೂ ಕೇಳಿಸಿಲ್ಲ, ಅದು ಬೇರೆ ವಿಷಯ.) ಏಕಾದಶಿ, ರಂಜಾನ್ ಉಪವಾಸಗಳು, ಜಪಮಾಲೆ, ಮುಸ್ಲಿಮರು ಜಪಕ್ಕೆ ಹಿಡಿಯುವ ಮಣಿಸರ ತಸ್ಬಿ ಎಲ್ಲರಿಗೂ ಗೊತ್ತಿರುವುದೇ.

ಮೊಘಲ್ ರಾಜಕುಮಾರ ದಾರಾ ಶಿಕೋ 1657ರಲ್ಲಿ ಸುಮಾರು 50 ಉಪನಿಷತ್ತುಗಳನ್ನು ಪರ್ಷಿಯನ್ ಭಾಷೆಗೆ ತಂದ. ಕುರಾನ್ ಹೇಳುವ ಗುಪ್ತ ಗ್ರಂಥ ಇದೇ ಎಂದು ನಂಬಿದ್ದ.

ವಿರೋಧ

ದಾರಾನ ಕಥೆಯನ್ನು ಅರ್ಧಕ್ಕೆ ನಿಲ್ಲಿಸಬಾರದು. 1659ರಲ್ಲಿ ತಮ್ಮ ಔರಂಗಜೇಬ್ ಅವನನ್ನು ಕೊಲ್ಲಿಸಿದ. ಜಗಳ ಸಿಂಹಾಸನದ್ದು, ನಿಜ. ಆದರೆ ಹೊರಿಸಿದ ಆರೋಪಗಳಲ್ಲಿ ಧರ್ಮ ಬಿಟ್ಟ ಎನ್ನುವುದೂ ಇತ್ತು.

ದಾನ, ಉಪವಾಸ ಜೈನರಲ್ಲೂ ಇವೆ, ಕ್ರೈಸ್ತರಲ್ಲೂ ಇವೆ. ಅವನ್ನೇ ತಿರುಳು ಎಂದರೆ ಹೇಗೆ? ಅಲ್ಲಾಹನ ಜೊತೆ ಯಾರನ್ನೂ ಸೇರಿಸಬಾರದು ಎನ್ನುವುದು ಇಸ್ಲಾಮಿನ ಬುಡ. ನಾವು ಅಶ್ವತ್ಥ ಮರಕ್ಕೂ, ನಾಗರಕಲ್ಲಿಗೂ ಯಾವ ಸಂಕೋಚವೂ ಇಲ್ಲದೆ ಕೈಮುಗಿಯುತ್ತೇವೆ. ಅಲ್ಲಿ ಒಂದೇ ಬದುಕು, ಆಮೇಲೆ ತೀರ್ಪಿನ ದಿನ. ಇಲ್ಲಿ ಕರ್ಮ, ಮತ್ತೆ ಹುಟ್ಟು. ಇದು ಸಣ್ಣ ವ್ಯತ್ಯಾಸವಲ್ಲ. ಹಿಂದೂ ಎಂದರೂ ಯಾವುದು? ಜೀವ, ಬ್ರಹ್ಮ ಒಂದೇ ಎಂದರು ಶಂಕರರು. ಸಾಧ್ಯವೇ ಇಲ್ಲ ಎಂದರು ಮಧ್ವರು.

ದರ್ಗಾದ ಉದಾಹರಣೆಯೂ ಅಷ್ಟು ಸಲೀಸಲ್ಲ. ಗೋರಿಯ ಮುಂದೆ ಬೇಡಿಕೊಳ್ಳುವುದು ತಪ್ಪು ಎನ್ನುವ ಮುಸ್ಲಿಮರು ಬಹಳ ಇದ್ದಾರೆ. ಅಲ್ಲಿಗೆ ಹೋಗುವ ಹಿಂದೂಗಳಿಗೂ ಅದು ಬೇರೆ ಧರ್ಮದ ಜಾಗ ಎಂದು ಗೊತ್ತು. ಗೊತ್ತಿದ್ದೇ ಹೋಗುತ್ತಾರೆ. ಒಬ್ಬರನ್ನೊಬ್ಬರು ಗೌರವಿಸಲು ಎರಡೂ ಒಂದೇ ಆಗಬೇಕಾಗಿಲ್ಲ.

ಇನ್ನೊಂದು ವಿಷಯ ನನಗೆ ಜಾಸ್ತಿ ಚುಚ್ಚುತ್ತದೆ. 'ಎಲ್ಲಾ ಒಂದೇ' ಎಂದು ಹೆಚ್ಚು ಜನ ಇರುವ ಕಡೆಯವರು ಹೇಳಿದಾಗ, ಕಡಿಮೆ ಇರುವವರಿಗೆ 'ಹಾಗಾದರೆ ನೀವು ಬೇರೆ ಯಾಕಿರಬೇಕು' ಎಂದು ಕೇಳಿಸುತ್ತದೆ. ಒಂದೇ ಆದರೆ, ಯಾರು ಯಾರ ಹಾಗೆ ಬದಲಾಗಬೇಕು? ಪರ ವಾದಿಸುವವರು ಇದನ್ನು ಮುಟ್ಟುವುದೇ ಇಲ್ಲ.